ಮರಳು ತಣ್ಣಗಿದೆ ಎಂದಳು ದೊಡ್ಡಮ್ಮ

ಹದಿನೈದು ದಿನದ ಹಿಂದೆ, ಮಧ್ಯಾಹ್ನ ಹನ್ನೆರಡೂವರೆಗೆ, ತೋಟದ ಮರಳು ಮೂವತ್ತೈದು ಡಿಗ್ರಿ ಇತ್ತು. ಮೀಟರಿನ ಕಡ್ಡಿಯನ್ನು ಒಂದು ಗೇಣು ಆಳಕ್ಕೆ ಊರಿ, ಎರಡೆರಡು ನಿಮಿಷ ಕಾದು, ಮೂರು ಕಡೆ ನೋಡಿ ನಾನೇ ಬರೆದುಕೊಂಡಿದ್ದೆ. ದೊಡ್ಡಮ್ಮ ಬರಿಗಾಲಲ್ಲಿ ಆ ತುದಿಯಿಂದ ಈ ತುದಿಯವರೆಗೆ ನಡೆದಳು, ಏಳು ಕಡೆ ನಿಂತಳು, ಆಮೇಲೆ ಕಟ್ಟೆಯ ಮೇಲೆ ಕೂತು ಟವಲಿನಿಂದ ಮುಖ ಒರೆಸಿಕೊಂಡಳು. "ತಣ್ಣಗಿದೆ" ಅಂದಳು. ಏಳು ಮನೆಯವರೂ ಖಾಲಿ ಬಕೆಟ್ಟು ಎತ್ತಿಕೊಂಡು ಮನೆ ಕಡೆ ಹೊರಟರು. ನನ್ನ ಕೈಯಲ್ಲಿದ್ದ ಮೀಟರಿನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ತೋಟ ಅಂದರೆ ಅದರಲ್ಲಿ ಗಿಡವೂ ಇಲ್ಲ, ಬಳ್ಳಿಯೂ ಇಲ್ಲ. ಸಮುದ್ರ ಇಳಿದಾಗ ಬಯಲಾಗುವ ಮರಳಿನ ಪಟ್ಟಿ, ಅದರ ಕೆಳಗಿನ ಅಂಚಿಗೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅಷ್ಟೆ. ಕಟ್ಟೆ ಮರಳನ್ನು ತಡೆದು ಮಟ್ಟಸವಾಗಿ ಇಡುತ್ತದೆ. ಅಂಥ ಮರಳಿನೊಳಗೆ ಕಪ್ಪೆಚಿಪ್ಪು ಹುಲುಸಾಗಿ ಬೆಳೆಯುತ್ತದೆ. ಬೇರೆಯವರು ಬಂದು ಈ ಕರಾವಳಿಗೆ ನಕ್ಷೆ ಬರೆಯುವ ಎಷ್ಟೋ ಮೊದಲೇ ನಮ್ಮ ಅಜ್ಜಿಯರ ಅಜ್ಜಿಯರು ಕಲ್ಲು ಹೊತ್ತು ಕಟ್ಟಿದ್ದು. ಅಂಥ ತೋಟಗಳು ನಮಗೆ ಮೂರಿದ್ದವು. ಹೋದ ವರ್ಷದ ಬೇಸಿಗೆಯಲ್ಲಿ ಒಂದು ಸತ್ತಿತು, ಅದರ ಹಿಂದಿನ ವರ್ಷ ಇನ್ನೊಂದು. ಸತ್ತಿತು ಅಂದರೆ ಒಂದೇ ವಾರದಲ್ಲಿ ಚಿಪ್ಪುಗಳೆಲ್ಲ ಬಾಯಿ ಬಿಟ್ಟುಕೊಂಡು ಮೇಲೆ ಬಂದವು, ವಾಸನೆಗೆ ಒಂದು ತಿಂಗಳು ಕಿಟಕಿ ತೆಗೆಯಲಾಗಲಿಲ್ಲ. ಈಗ ಉಳಿದದ್ದು ಇದೊಂದೇ.

ಸಾಯದಂತೆ ಮಾಡುವ ದಾರಿ ನಮಗೆ ಗೊತ್ತಿಲ್ಲ ಅಂತಲ್ಲ. ಅದೇ ಹೊಟ್ಟೆ ಉರಿಯುವ ವಿಷಯ. ಬೇಸಿಗೆಯ ದೊಡ್ಡ ಇಳಿತಗಳಲ್ಲಿ ಸಮುದ್ರ ಸರಿಯಾಗಿ ನಡುಮಧ್ಯಾಹ್ನವೇ ದೂರ ಸರಿದುಬಿಡುತ್ತದೆ, ಬಿಸಿಲು ನೆತ್ತಿಯ ಮೇಲಿರುವಾಗ ಮರಳು ಮೂರು ಗಂಟೆ ಬೆತ್ತಲೆ ಬಿದ್ದಿರುತ್ತದೆ. ಅದಕ್ಕೇ ಹಳೆಯವರು ಒಂದು ಪದ್ಧತಿ ಮಾಡಿದ್ದರು. ಮರಳು ಕಾದಿದೆ ಅನ್ನಿಸಿದರೆ ಚಿಪ್ಪುಗಳನ್ನು ಅಗೆದು, ಬಕೆಟ್ಟಿನಲ್ಲಿ ತುಂಬಿ, ಕೆಳಗೆ ನೀರು ನಿಲ್ಲುವ ಜಾಗಕ್ಕೆ ಸಾಗಿಸಿ ಹೂಳಬೇಕು. ಈ ಸಲದ ಚಳಿಗಾಲದಲ್ಲಿ ಏಳು ಮನೆಯವರೂ ಸೇರಿ ಅದಕ್ಕೆಂದೇ ಕೆಳಗೆ ಹೊಸ ಕಟ್ಟೆಯನ್ನೂ ಕಟ್ಟಿ ಇಟ್ಟಿದ್ದೆವು. ಕಲ್ಲು ಹೊತ್ತು ನನ್ನ ಎಡ ಭುಜ ಇವತ್ತಿಗೂ ಸರಿಯಾಗಿ ಏಳುವುದಿಲ್ಲ.

ಆದರೆ ಸುಮ್ಮಸುಮ್ಮನೆ ಸಾಗಿಸುವಂತಿಲ್ಲ. ಅಗೆದು ಹೂಳುವ ಗಲಾಟೆಗೇ ಮೂರರಲ್ಲಿ ಒಂದು ಪಾಲು ಸಾಯುತ್ತವೆ. ಹಾಗಾಗಿ ಯಾವಾಗ ಇಳಿಸಬೇಕು ಎಂದು ಹೇಳುವುದು ಒಬ್ಬಳ ಕೆಲಸ. ಅವಳು ಮಾತ್ರ ತೋಟದಲ್ಲಿ ಬರಿಗಾಲಲ್ಲಿ ನಡೆಯುತ್ತಾಳೆ, ಉಳಿದವರೆಲ್ಲ ಬೂಟು ಹಾಕಿರಬೇಕು. ಏಳು ಕಡೆ ನಿಂತು, ಪಾದ ಗೇಣುದ್ದ ಹೂತುಹೋಗುವವರೆಗೆ ಕಾದು, ಕೊನೆಗೆ ಮೂರು ಮಾತುಗಳಲ್ಲಿ ಒಂದನ್ನು ಹೇಳುತ್ತಾಳೆ. ತಣ್ಣಗಿದೆ. ತಾಳುತ್ತೆ. ಇಳಿಸಿ. ಅವಳ ಮಾತಿನ ಮೇಲೆ ಮಾತಿಲ್ಲ. ಎರಡು ಜೊತೆ ಕಾಲು ಸೇರಿದರೆ ಎರಡು ಮಾತು ಹುಟ್ಟುತ್ತೆ, ಎರಡು ಮಾತು ಹುಟ್ಟಿದರೆ ಏಳು ಮನೆ ಜಗಳ ಅನ್ನುವುದು ಹಿರಿಯರ ಲೆಕ್ಕ. ನಲವತ್ತು ವರ್ಷದಿಂದ ಆ ಕಾಲು ನನ್ನ ದೊಡ್ಡಮ್ಮನದು, ಅಂದರೆ ನನ್ನ ಅಮ್ಮನ ಅಕ್ಕನದು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಅವಳ ನಂತರ ಅದು ನನಗೆ ಬರಬೇಕೆಂದು ನಾನು ಮೂವತ್ತು ದಾಟುವ ಮುಂಚೆಯೇ ತೀರ್ಮಾನವಾಗಿತ್ತು. ನನಗೀಗ ನಲವತ್ತನಾಲ್ಕು.

"ಕಲಿಸು" ಅಂತ ಎರಡು ವರ್ಷದಿಂದ ಬಾಯಿ ಬಡಿದುಕೊಂಡಿದ್ದೆ. ಪ್ರತಿ ಇಳಿತಕ್ಕೂ ಅವಳ ಹತ್ತಿರ ಒಂದು ನೆಪ ತಯಾರಿರುತ್ತಿತ್ತು. ಇವತ್ತು ಗಾಳಿ ಸರಿಯಿಲ್ಲ. ಇವತ್ತು ನೀರು ಕಲಕಿದೆ. ಇವತ್ತು ನಿನ್ನ ತಲೆಯಲ್ಲಿ ಬೇರೆ ಏನೋ ಓಡ್ತಿದೆ. ಅಂದು ಕೂಡ ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಕೇಳಿದೆ.

"ಮೂವತ್ತೈದು ಇತ್ತು ದೊಡ್ಡಮ್ಮ. ಅದನ್ನ ತಣ್ಣಗಿದೆ ಅಂತ ಹೇಗೆ ಅಂತೀಯ?"

"ನಿನ್ನ ಕಡ್ಡಿ ಹೇಳಿದ್ದು ಕಡ್ಡಿಗೆ. ನನ್ನ ಕಾಲು ಹೇಳಿದ್ದು ನನಗೆ."

"ನಾನೂ ಕೈಯಿಟ್ಟು ನೋಡ್ದೆ. ಬಿಸಿ ಇತ್ತು."

"ಮೇಲಿನ ಮರಳು ಚಳಿಗಾಲದಲ್ಲೂ ಬಿಸಿ ಇರತ್ತೆ. ಕೈಗೇನು ಗೊತ್ತು." ಅವಳು ಕಾಲಿನ ಉಣ್ಣೆಯ ಕಾಲುಚೀಲ ಮೇಲೆಳೆದುಕೊಂಡಳು. ಸುಡುಬೇಸಿಗೆಯಲ್ಲಿ ಮನೆಯೊಳಗೆ ಕಾಲುಚೀಲ ಹಾಕಿಕೊಂಡು ಓಡಾಡುವವಳು ಈ ಊರಿಗೆಲ್ಲ ಅವಳೊಬ್ಬಳೇ. ವಯಸ್ಸಾಯಿತು, ಥಂಡಿ ಅಂತ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. "ಈ ತಿಂಗಳಲ್ಲಿ ಮರಳು ಕಾದದ್ದನ್ನ ನಾನು ನೋಡೇ ಇಲ್ಲ. ಕಾಯೋದೇನಿದ್ರೂ ಮುಂದಿನ ತಿಂಗಳು."

"ಹೋದ ವರ್ಷವೂ ಇದನ್ನೇ ಹೇಳಿದ್ದೆ."

ಪಾತ್ರೆಯ ಸದ್ದು ಜೋರಾಯಿತು. ಅವಳು ಮಾತು ಮುಗಿಸುವ ರೀತಿ ಅದು, ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿತ್ತಿಲಲ್ಲಿ ದೋಣಿಯ ಎಂಜಿನ್ನಿನೊಳಗೆ ತಲೆ ಹಾಕಿ ಕೂತಿದ್ದ ನನ್ನ ಗಂಡ ತಲೆ ಹೊರಗೆ ತೆಗೆಯದೆಯೇ, "ಬಿಡು, ಆಮೇಲೆ ಮಾತಾಡು" ಅಂದ. ಅವನ ಪಾಲಿಗೆ ಜಗತ್ತಿನ ಎಲ್ಲ ರಿಪೇರಿಯೂ ಎಂಜಿನ್ನು ತಣ್ಣಗಾದ ಮೇಲೇ ಆಗಬೇಕು.

ಮಾರನೇ ದಿನ ಕಚೇರಿಗೆ ಹೋದೆ. ಹವಾಮಾನ ಹೊಂದಾಣಿಕೆ ಯೋಜನೆ ಅಂತ ಬೋರ್ಡು ಹಾಕಿದ ಎರಡನೇ ಮಹಡಿಯ ಕೋಣೆ; ಒಳಗೆ ಫೈಲಿಗಿಂತ ಫ್ಯಾನೇ ಹೆಚ್ಚು ಓಡುತ್ತದೆ. ಮೀಟರು ಕೊಟ್ಟ ಮೇಡಂ ಒಳ್ಳೆಯವಳು. ಅದೇ ತೊಂದರೆ, ಕೆಟ್ಟವಳಾಗಿದ್ದರೆ ಬೈದು ಬರಬಹುದಿತ್ತು. ನನ್ನ ಹಾಳೆಯನ್ನು ಎರಡು ಸಲ ನೋಡಿದಳು, ಕಂಪ್ಯೂಟರಿನಲ್ಲಿ ಮುಂದಿನ ಇಳಿತದ ತಾರೀಖು ತೆಗೆದಳು.

"ಇನ್ನೆರಡು ವಾರಕ್ಕೆ ಬರೋ ಮೂರು ದಿನದ ಇಳಿತ ಈ ವರ್ಷದಲ್ಲೇ ದೊಡ್ಡದು. ಬಿಸಿಲೂ ಇನ್ನೂ ಜಾಸ್ತಿ ಆಗತ್ತೆ ಅಂತಿದೆ. ಮರಳು ಮೂವತ್ತಾರು ದಾಟಿ ಎರಡು ಗಂಟೆ ನಿಂತ್ರೆ ಚಿಪ್ಪು ಉಳಿಯಲ್ಲ. ಅದಕ್ಕೆ ಮುಂಚೆ ಇಳಿಸಿಬಿಡಿ."

"ಅದನ್ನ ನೀವು ಬರೆದು ಕೊಡಿ ಮೇಡಂ. ಇಳಿಸಿ ಅಂತ ಕಚೇರಿ ಆರ್ಡರ್ ಮಾಡ್ಲಿ."

ಅವಳು ಪೆನ್ನು ಕೆಳಗಿಟ್ಟಳು. "ನಾವು ಆರ್ಡರ್ ಮಾಡೋ ಹಾಗಿಲ್ಲಮ್ಮ. ನಿಮ್ಮ ಪದ್ಧತಿಯನ್ನ ಗೌರವಿಸ್ಬೇಕು ಅಂತ ಯೋಜನೆಯಲ್ಲೇ ಬರೆದಿದೆ. ತೀರ್ಮಾನ ನಿಮ್ಮ ದೊಡ್ಡಮ್ಮಂದೇ." ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಇನ್ನೊಂದು ವಿಷಯ. ಎರಡು ವರ್ಷದಿಂದ ಅವರು ಹೇಳಿದ್ದು ಒಂದು ಕಡೆ, ಮೀಟರು ಹೇಳಿದ್ದು ಒಂದು ಕಡೆ ಬರೀತಾ ಬಂದಿದ್ದೀವಲ್ಲ, ಎರಡೂ ಒಂದಕ್ಕೊಂದು ಸೇರ್ತಿಲ್ಲ. ಈ ವರ್ಷವೂ ಹೀಗೇ ಆದ್ರೆ, ಕಾಲಲ್ಲಿ ನೋಡೋ ಪದ್ಧತಿ ನಂಬೋ ಹಾಗಿಲ್ಲ ಅಂತ ಮೇಲಿನವರು ಬರೀತಾರೆ. ಆಗ ತೋಟ ನೋಡ್ಕೊಳ್ಳೋದು ನಿಮ್ಮ ಕೈಲಿರಲ್ಲ" ಅಂದಳು.

ಗೌರವದ ದೆಸೆಯಿಂದ ಸಾಯುವುದು ಅಂದರೆ ಏನೆಂದು ನನಗೆ ಆ ಕೋಣೆಯಲ್ಲಿ ಅರ್ಥವಾಯಿತು. ಮೆಟ್ಟಿಲಿಳಿಯುವಾಗ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಮಾತ್ರ ಗೊತ್ತಿರಲಿಲ್ಲ.

ಏಳು ಮನೆಯವರನ್ನು ಸೇರಿಸಿದೆ. ಬಲೆ ಒಣಹಾಕುವ ಶೆಡ್ಡಿನಲ್ಲಿ ಕೂತರು. ಅವರಲ್ಲಿ ಹಿರಿಯನಾದ ಗಡಿಯಾರ ಎಲ್ಲರಿಗಿಂತ ಅರ್ಧ ಗಂಟೆ ತಡವಾಗಿ ಬಂದ. ಎರಡು ಕೈಗೂ ವಾಚು ಕಟ್ಟಿಕೊಂಡು ಎಲ್ಲದಕ್ಕೂ ತಡವಾಗಿ ಬರುವುದಕ್ಕೇ ಅವನಿಗೆ ಆ ಹೆಸರು. ನಾನು ಹಾಳೆ ತೋರಿಸಿದೆ, ಡಿಗ್ರಿ ಓದಿದೆ. ಅವನು ಕನ್ನಡಕ ಏರಿಸಿ ನೋಡಿ, "ಅಲ್ಲಮ್ಮ, ಇದು ಮೂರು ಜಾಗ. ಅವಳು ಇಡೀ ತೋಟ ನಡೀತಾಳೆ. ಕಡ್ಡಿಗೆ ಕಾಲಿಲ್ಲವಲ್ಲ" ಅಂದ. ಎಲ್ಲರೂ ನಕ್ಕರು. ನಗದೆ ಇದ್ದವಳು ಆಚೆಮನೆ ಅಕ್ಕ ಒಬ್ಬಳೇ. ಹೋದ ವರ್ಷ ಸತ್ತದ್ದು ಅವಳ ತೌರಿನವರ ಕಡೆಯ ತೋಟ. ಅವಳಿಗೆ ಬರಬೇಕಾಗಿದ್ದ ಪಾಲು ಪೂರ್ತಿ ಅದರಲ್ಲೇ ಇತ್ತು. ಅವಳು ಹಾಳೆಯನ್ನು ತೆಗೆದುಕೊಂಡು ತುಂಬ ಹೊತ್ತು ನೋಡಿದಳು. "ಆದ್ರೂ ದೊಡ್ಡಮ್ಮ ಹೇಳ್ದೆ ಹೇಗೆ ಇಳಿಸೋದು" ಅಂತ ವಾಪಸ್ಸು ಕೊಟ್ಟಳು. ಅವಳೇ ಹಾಗೆಂದ ಮೇಲೆ ಮಿಕ್ಕವರ ಹತ್ತಿರ ಮಾತಾಡುವುದು ಗೋಡೆಗೆ ಹೇಳಿದ ಹಾಗೇ.

ಹಾಗೆ ಬಂತು ದೊಡ್ಡ ಇಳಿತದ ಮೊದಲ ದಿನ. ಹನ್ನೆರಡು ಗಂಟೆಗೆ ಸಮುದ್ರ ನಾನು ಎಂದೂ ನೋಡದಷ್ಟು ದೂರ ಸರಿದಿತ್ತು. ಗಾಳಿಯ ಸುಳಿವಿಲ್ಲ. ಬೂಟಿನ ರಬ್ಬರಿನೊಳಗೆ ಪಾದ ಬೇಯುತ್ತಿತ್ತು. ದೊಡ್ಡಮ್ಮ ಕಾಲುಚೀಲ ಬಿಚ್ಚಿ ನನ್ನ ಕೈಗೆ ಕೊಡದೆ ಜೇಬಿಗೇ ತುರುಕಿಕೊಂಡು ಇಳಿದಳು. ನಾನು ಹತ್ತು ಹೆಜ್ಜೆ ಹಿಂದೆ ಮೀಟರು ಊರುತ್ತಾ ನಡೆದೆ. ಮೂವತ್ತಾರು. ಮೂವತ್ತೇಳು. ಐದನೇ ಜಾಗದಲ್ಲಿ ಮೂವತ್ತೆಂಟು. ಅವಳು ಅಲ್ಲಿ ಉಳಿದೆಲ್ಲ ಕಡೆಗಿಂತ ಹೆಚ್ಚು ಹೊತ್ತು ನಿಂತಳು. ಈಗಲಾದರೂ ಹೇಳುತ್ತಾಳೆ ಅಂದುಕೊಂಡೆ. ಅವಳು ನನ್ನ ಕಡೆ ನೋಡಿದಳು, ಆಕಾಶದ ಕಡೆ ನೋಡಿದಳು.

"ತಾಳುತ್ತೆ" ಅಂದಳು.

ತಣ್ಣಗಿದೆ ಬಿಟ್ಟು ತಾಳುತ್ತೆಗೆ ಬಂದಿದ್ದೇ ಅವಳು ನನಗೆ ಮಾಡಿದ ಉಪಕಾರ. ನಾನು ಎಲ್ಲರೆದುರು ಕಿರುಚಿದೆ. "ತಾಳೋದು ನಿನಗೆ ದೊಡ್ಡಮ್ಮ, ಚಿಪ್ಪಿಗಲ್ಲ. ಹಟಕ್ಕೂ ಒಂದು ಮಿತಿ ಇರತ್ತೆ" ಅಂದೆ. ಗಡಿಯಾರ ನನ್ನನ್ನು ಗದರಿಸಿದ. ದೊಡ್ಡಮ್ಮ ಮರಳಿನ ದಾರಿಯಲ್ಲಿ ಒಬ್ಬಳೇ ಮನೆ ಕಡೆ ನಡೆದಳು. ನಾನು ಅಲ್ಲೇ ನಿಂತು, ಮೊದಲ ಚಿಪ್ಪು ಮೇಲೆ ಬಂದು ಬಾಯಿ ಬಿಡುವುದನ್ನು ನೋಡಿದೆ. ಐದನೇ ಜಾಗದಲ್ಲಿ ಮೂರು ಗಂಟೆಯೊಳಗೆ ಎಣಿಸಲಾಗದಷ್ಟು ಬಂದವು.

ಮನೆಗೆ ಬಂದದ್ದು ಜಗಳವಾಡುವುದಕ್ಕೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹಿತ್ತಿಲಿನ ನಲ್ಲಿಯ ಕೆಳಗೆ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಬಟ್ಟೆ ತಿಕ್ಕುವ ಬ್ರಷ್ಷಿನಲ್ಲಿ ಕಾಲು ತಿಕ್ಕಿಕೊಳ್ಳುತ್ತಿದ್ದಳು. ನೀರು ಕೆಂಪಗೆ ಹರಿಯುತ್ತಿತ್ತು. ಅವಳ ಎಡ ಹಿಮ್ಮಡಿಯಲ್ಲಿ ಒಡೆದ ಚಿಪ್ಪಿನ ಚೂರೊಂದು ಅರ್ಧ ಬೆರಳಿನಷ್ಟು ಒಳಗೆ ಹೋಗಿ ಸಿಕ್ಕಿಕೊಂಡಿತ್ತು. ಅವಳು ಅದರ ಮೇಲೆಯೇ ಬ್ರಷ್ಷು ಆಡಿಸುತ್ತಿದ್ದಳು. ಅಂಗಾಲಿನ ತುಂಬ ಬೊಬ್ಬೆ, ಕೆಲವು ಹೊಸವು, ಕೆಲವು ಒಡೆದು ಹಳೆಯದಾದವು.

ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಆ ಚೂರನ್ನು ಹಿಡಿದು ಎಳೆದೆ. ಅವಳು ಕಾಲು ಎಳೆದುಕೊಳ್ಳಲಿಲ್ಲ. ಮುಖ ಕೂಡ ಕಿವುಚಲಿಲ್ಲ. ನನ್ನ ಕೈಯಲ್ಲಿದ್ದ ಚೂರು ನೋಡಿದ ಮೇಲೆಯೇ ಅವಳಿಗೆ ಅದು ಅಲ್ಲಿತ್ತೆಂದು ಗೊತ್ತಾದದ್ದು.

"ಯಾವಾಗಿಂದ?" ಅಂದೆ.

ಅವಳು ನಲ್ಲಿ ನಿಲ್ಲಿಸಿದಳು. "ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಯ್ತಲ್ಲ. ಮೊದ್ಲು ಜೋಮು ಹಿಡಿದ ಹಾಗಿತ್ತು. ಆಮೇಲೆ ಅದೂ ಹೋಯ್ತು. ಎರಡು ವರ್ಷ ಆಗಿರ್ಬೇಕು."

"ಎರಡು ವರ್ಷ ಏನು ನೋಡಿ ಹೇಳ್ತಿದ್ದೆ ಹಾಗಾದ್ರೆ?"

"ಏನು ನೋಡಿ ಅಂದ್ರೆ? ನಲವತ್ತು ವರ್ಷ ನಿಂತಿದ್ದೀನಿ ಕಣೇ. ಯಾವ ತಿಂಗಳು, ಯಾವ ಇಳಿತ, ಎಂಥ ಬಿಸಿಲು ಅಂದ್ರೆ ಮರಳು ಹೇಗಿರತ್ತೆ ಅಂತ ನಂಗೆ ಬಾಯಿಪಾಠ. ಹಿಂದೆ ಹೇಗಿರ್ತಿತ್ತೋ ಹಾಗೇ ಹೇಳ್ದೆ."

ನನಗೆ ಒಂದು ಕ್ಷಣ ಕಿವಿ ಗುಂಯ್‌ ಅಂದಿತು. ಹಿಂದೆ ಹೇಗಿರುತ್ತಿತ್ತೋ ಹಾಗೆ. ಈಗ ಸಮುದ್ರದ ಯಾವುದೂ ಹಿಂದಿನ ಹಾಗಿಲ್ಲ ಎಂದು ಸಣ್ಣ ಮಕ್ಕಳಿಗೂ ಗೊತ್ತಿದೆ. ಏಳು ಮನೆಯವರು ಎರಡು ವರ್ಷ ಇವಳ ಕಾಲನ್ನು ನಂಬಿ ಕೂತಿದ್ದರು, ಇವಳು ತನ್ನ ನೆನಪನ್ನು ನಂಬಿ ನಿಂತಿದ್ದಳು. ಎರಡು ತೋಟ ಹೋದವು. ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಕಾಲು ನೋಡಿದರೆ ಅಳು ಬರುತ್ತಿತ್ತು.

"ನಂಗೆ ಹೇಳ್ಬಹುದಿತ್ತಲ್ಲ. ನಾನು ನಿಲ್ತಿದ್ದೆ."

"ನಿಂಗೆ ಕಲಿಸ್ಬೇಕಂದ್ರೆ ನಾನು ಪಕ್ಕದಲ್ಲಿ ನಿಂತು, ಇದು ಬಿಸಿ, ಇದು ಬಿಸಿ ಅಲ್ಲ ಅಂತ ತೋರಿಸ್ಬೇಕು. ನಮ್ಮಮ್ಮ ನಂಗೆ ಹಾಗೇ ಕಲಿಸಿದ್ದು. ನಂಗೇ ಗೊತ್ತಾಗ್ದೇ ಇದ್ದದ್ದನ್ನ ಏನಂತ ತೋರಿಸ್ಲಿ?" ಅವಳು ಒದ್ದೆ ಕಾಲನ್ನು ಟವಲಿನಿಂದ ಮುಚ್ಚಿದಳು. "ಇವತ್ತು ವಾಸಿಯಾಗತ್ತೆ, ನಾಳೆ ವಾಸಿಯಾಗತ್ತೆ ಅಂತ ಕಾದೆ. ಈ ಕಾಲು ಹೋಯ್ತು ಅಂದ್ರೆ ಆಮೇಲೆ ನಾನ್ಯಾರು ಹೇಳು. ಅಡುಗೆಮನೇಲಿ ಕೂರೋ ಒಂದು ಮುದುಕಿ."

ಸಮಾಧಾನದ ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. "ನಾಳೆ ನೀನೇ ಎಲ್ಲರೆದುರು ಹೇಳ್ಬೇಕು. ಹೇಳ್ದಿದ್ರೆ ನಾನು ಹೇಳ್ತೀನಿ" ಅಂದೆ. ಗಾಯಕ್ಕೆ ಪಟ್ಟಿ ಕಟ್ಟುವಾಗಲೂ ನನ್ನ ಕೈ ಮೆತ್ತಗಿರಲಿಲ್ಲ. ಗಟ್ಟಿಯಾಗಿ ಕಟ್ಟಿದರೂ ಅವಳಿಗೆ ತಿಳಿಯುವುದಿಲ್ಲವಲ್ಲ ಅನ್ನುವುದು ನೆನಪಾಗಿ ಬಿಚ್ಚಿ ಮತ್ತೆ ಸಡಿಲವಾಗಿ ಕಟ್ಟಿದೆ.

ಎರಡನೇ ದಿನ ನನ್ನ ಗಂಡ ಅವಳನ್ನು ಎಂಜಿನ್ನು ಸಾಗಿಸುವ ತಳ್ಳುಗಾಡಿಯ ಮೇಲೆ ಕೂರಿಸಿಕೊಂಡು ಬಂದ. ಕಟ್ಟೆಯ ಮೇಲೆ ಏಳು ಮನೆಯವರೂ ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಮೇಡಂ ಕೂಡ ಟೋಪಿ ಹಾಕಿಕೊಂಡು ಬಂದಿದ್ದಳು. ನಿನ್ನೆ ಸತ್ತವುಗಳ ವಾಸನೆ ಆಗಲೇ ಎದ್ದಿತ್ತು. ಎಲ್ಲರೂ ಪಟ್ಟಿ ಕಟ್ಟಿದ ಕಾಲುಗಳನ್ನೇ ನೋಡಿದರು.

ದೊಡ್ಡಮ್ಮ ಗಾಡಿಯಿಂದ ಇಳಿಯದೆ ಹೇಳಿದಳು. "ಇವತ್ತಿಂದ ಇವಳು ನಿಲ್ತಾಳೆ. ನನ್ನ ಕಾಲಲ್ಲಿ ಸ್ಪರ್ಶ ಇಲ್ಲ. ಎರಡು ವರ್ಷದಿಂದ ಇಲ್ಲ. ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು."

ಬೈಯುತ್ತಾರೆ ಅಂದುಕೊಂಡಿದ್ದೆ. ಯಾರೂ ಬೈಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಗಡಿಯಾರ ಎಡಗೈ ವಾಚು ನೋಡಿದ, ಬಲಗೈ ವಾಚು ನೋಡಿದ, ತಲೆ ಕೆಳಗೆ ಹಾಕಿದ. ಆಚೆಮನೆ ಅಕ್ಕ ಬಕೆಟ್ಟನ್ನು ಕಲ್ಲಿನ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ ದಂಡೆಯ ಕಡೆ ಹೊರಟುಹೋದಳು.

ನಾನು ಬೂಟು ಬಿಚ್ಚಿ ಮರಳಿಗಿಳಿದೆ. ಮೊದಲ ಜಾಗದಲ್ಲೇ ಪಾದ ಹೂತ ಕೂಡಲೇ ಸುಟ್ಟಿತು. ಎರಡನೆಯದರಲ್ಲೂ. ಐದನೆಯದರಲ್ಲಿ ನಿಲ್ಲಲಾಗದೆ ಕಾಲು ಕಿತ್ತುಕೊಂಡೆ. ಎಂಥ ಮೊದ್ದು ಕಾಲಿಗೂ ಗೊತ್ತಾಗುವಷ್ಟು ಬಿಸಿ ಅದು. ಕಲಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

"ಇಳಿಸಿ" ಅಂದೆ.

ಮೂವತ್ತು ಜನ ಒಂದೇ ಸಲ ಬಗ್ಗಿದರು. ಎರಡು ವರ್ಷ ಡಿಗ್ರಿ ಓದಿ ಓದಿ ಗಂಟಲು ಒಣಗಿಸಿಕೊಂಡ ಅದೇ ನಾನು, ಅದೇ ಮರಳು. ಬೂಟು ಬಿಚ್ಚಿ ಮೂರಕ್ಷರ ಹೇಳಿದ್ದಕ್ಕೆ ಗಡಿಯಾರ ಕೂಡ ತಡಮಾಡದೆ ಗುದ್ದಲಿ ಹಿಡಿದ. ನನಗೆ ಖುಷಿಯಾಗಬೇಕಿತ್ತು. ಅವರ ಬೆನ್ನುಗಳನ್ನು ನೋಡುತ್ತಾ ನಿಂತವಳಿಗೆ ಒಂದು ಕಲ್ಲೆತ್ತಿ ಎಸೆಯಬೇಕು ಅನ್ನಿಸಿತು.

ಬಕೆಟ್ಟುಗಳು ಕೆಳಗಿನ ಹೊಸ ಕಟ್ಟೆಗೆ ಬರತೊಡಗಿದವು. ಎಲ್ಲಿ ಹೂಳಬೇಕು ಅಂತ ಎಲ್ಲರೂ ನನ್ನ ಮುಖ ನೋಡಿದರು. ನನಗೆ ಗೊತ್ತಿರಲಿಲ್ಲ. ಸುಡುವುದನ್ನು ಸುಡುತ್ತೆ ಅನ್ನುವುದು ಸುಲಭ, ಬದುಕುವ ಜಾಗ ಯಾವುದು ಅನ್ನುವುದು ಬೇರೆಯೇ ವಿದ್ಯೆ. ಮೇಡಂ ಪಾದದ ಮಟ್ಟದ ನೀರಿನಲ್ಲಿ ಮೀಟರು ಊರುತ್ತಾ ಹೋಗಿ, ಬಂಡೆಯ ಪಕ್ಕ ನಿಂತು ಕೈಯೆತ್ತಿದಳು. "ಇಲ್ಲಿ ಇಪ್ಪತ್ತನಾಲ್ಕು. ಎಲ್ಲಕ್ಕಿಂತ ತಂಪು ಇಲ್ಲೇ." ನಾನೂ ಹೋಗಿ ನಿಂತೆ. ಹಾಯೆನಿಸಿತು. "ಇಲ್ಲೇ ಹಾಕಿ" ಅಂದೆ. ನಾಲ್ಕು ಬಕೆಟ್ಟು ಸುರಿದೂ ಆಯಿತು.

ಮೇಲಿನ ಕಟ್ಟೆಯ ಹತ್ತಿರ ಗಾಡಿಯಲ್ಲಿ ಕೂತಿದ್ದ ದೊಡ್ಡಮ್ಮನ ದನಿ ಕೇಳಿಸಿತು. "ನಿಲ್ಸಿ. ಏನೇ, ಬೆರಳ ಸಂದಿಯಲ್ಲಿ ಮರಳು ನಿಲ್ತಾ ಇದೆಯಾ, ಜಾರ್ತಾ ಇದೆಯಾ?"

ಅಂಥದ್ದೊಂದು ಪ್ರಶ್ನೆ ನನ್ನ ಕಾಲಿಗೆ ಯಾರೂ ಕೇಳಿರಲಿಲ್ಲ. ಗಮನವಿಟ್ಟು ನಿಂತೆ. "ಜಾರ್ತಿದೆ. ಕೆಳಗಿಂದ ಯಾರೋ ಊದಿದ ಹಾಗೆ."

"ಹಿಮ್ಮಡಿಗಿಂತ ಬೆರಳಿಗೆ ಹೆಚ್ಚು ತಣ್ಣಗೆ?"

"ಹೌದು."

"ಅದು ಸಿಹಿನೀರಿನ ಒಸರು. ಅಲ್ಲಿ ಹಾಕಿದ್ರೆ ಎರಡು ದಿನಕ್ಕೆ ಊದ್ಕೊಂಡು ಸಾಯ್ತವೆ. ತೆಗೀರಿ ಅವನ್ನ. ನೀನು ಎಡಕ್ಕೆ ನಡಿ, ಜಾರೋದು ನಿಂತ ತಕ್ಷಣ ಹೇಳು."

ಮೇಡಂ ಮೀಟರನ್ನು ನೋಡಿದಳು, ನನ್ನ ಕಾಲನ್ನು ನೋಡಿದಳು, ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. "ಉಪ್ಪೇ ಇಲ್ಲ" ಅಂತ ಮೆಲ್ಲಗೆ ಹೇಳಿ ತಾನೇ ಬಗ್ಗಿ ಸುರಿದ ಚಿಪ್ಪುಗಳನ್ನು ಬಾಚತೊಡಗಿದಳು.

ನಾನು ಎಡಕ್ಕೆ ನಡೆದೆ. ಹದಿನಾಲ್ಕು ಹೆಜ್ಜೆಗೆ ಜಾರುವುದು ನಿಂತಿತು. ದೊಡ್ಡಮ್ಮ ಕೇಳುತ್ತಾ ಹೋದಳು. ಭಾರ ಹಾಕಿದರೆ ಪಾದ ನೇರ ಇಳಿಯುತ್ತಾ, ವಾಲುತ್ತಾ? ಕಾಲು ಕಿತ್ತಾಗ ಸದ್ದು ಬರುತ್ತಾ? ತಂಪು ಪಾದಕ್ಕೆ ತಾಗಿ ಸುಮ್ಮನಾಗುತ್ತಾ, ಹರಿಯುತ್ತಾ ಇರುತ್ತಾ? ನಾನು ಹೇಳಿದ್ದನ್ನು ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಒಂದು ಸಲ, "ಇಲ್ಲ, ಸುಳ್ಳು ಹೇಳ್ತಿದ್ದೀಯ, ಇನ್ನೊಂದ್ಸಲ ನಿಂತು ನೋಡು" ಅಂದಳು. ನಿಂತು ನೋಡಿದರೆ ನಾನು ಅವಸರಕ್ಕೆ ಹೇಳಿದ್ದು ನಿಜವಾಗಿಯೂ ತಪ್ಪಾಗಿತ್ತು. ಅರ್ಧ ಗಂಟೆಯೊಳಗೆ ಐದು ಜಾಗ ಗುರುತಾದವು. ಬಕೆಟ್ಟುಗಳು ಓಡಾಡಿದವು.

ನೀರು ತಿರುಗಿ ಬರುವ ಹೊತ್ತಿಗೆ ಅರ್ಧ ತೋಟ ಕೆಳಗೆ ಸೇರಿತ್ತು. ಉಳಿದರ್ಧ ನಿನ್ನೆಯೇ ಸತ್ತಿತ್ತು, ಇಲ್ಲವೇ ಇವತ್ತು ನಮ್ಮ ಕೈಗೆ ಸಿಗುವ ಮುಂಚೆ ಸತ್ತಿತು. ಹದಿನೈದು ದಿನದ ಹಿಂದೆಯೇ ಇಳಿಸಿದ್ದರೆ ಮೂರರಲ್ಲಿ ಎರಡು ಪಾಲು ಉಳಿಯುತ್ತಿತ್ತು. ಎರಡು ವರ್ಷದ ಹಿಂದೆ ಅವಳು ಗಾಡಿಯಲ್ಲಿ ಕೂತು ಈ ಪ್ರಶ್ನೆ ಕೇಳಿದ್ದರೆ ಮೂರು ತೋಟವೂ ಇರುತ್ತಿದ್ದವು. ಪಕ್ಕ ನಿಂತು ತೋರಿಸಬೇಕಾಗಿಯೇ ಇರಲಿಲ್ಲ, ಕೂತು ಕೇಳಿದ್ದರೆ ಸಾಕಾಗಿತ್ತು. ಅದು ಅವಳಿಗೆ ಹೊಳೆಯಲಿಲ್ಲ. ಅವಳ ಅಮ್ಮ ಹಾಗೆ ಕಲಿಸಿರಲಿಲ್ಲ. ನನಗೂ ಹೊಳೆಯಲಿಲ್ಲ, ನಾನು ಅವಳ ಹಟದ ಜೊತೆ ಜಗಳವಾಡುವುದರಲ್ಲೇ ಮುಳುಗಿದ್ದೆ.

ಇದನ್ನೆಲ್ಲ ಅವಳಿಗೆ ಹೇಳಿಬಿಡಬೇಕೆಂದು ಕಟ್ಟೆ ಹತ್ತಿ ಬಂದೆ. ಅಷ್ಟರಲ್ಲಿ ಆಚೆಮನೆ ಅಕ್ಕ ವಾಪಸ್ಸು ಬಂದು ಗಾಡಿಯ ಎದುರು ನಿಂತಿದ್ದಳು. ಅತ್ತು ಕಣ್ಣು ಊದಿತ್ತು.

"ನಮ್ಮ ತೋಟ ಹೋದ ದಿನ ನೀನು ಏಳು ಕಡೆಯೂ ನಿಂತಿದ್ದೆ" ಅಂದಳು. "ಅವತ್ತು ಮರಳು ಹೇಗಿತ್ತು? ನಿಜ ಹೇಳು."

"ಗೊತ್ತಿಲ್ಲಮ್ಮ" ಅಂದಳು ದೊಡ್ಡಮ್ಮ. "ನಂಗೆ ಏನೂ ಗೊತ್ತಾಗ್ಲಿಲ್ಲ."

ಅಕ್ಕ ಕಲ್ಲಿನ ಮೇಲೆ ಕೂತು ಒಂದು ಬೂಟು ಕಿತ್ತಳು, ಇನ್ನೊಂದು ಬೂಟು ಕಿತ್ತಳು. "ಇನ್ನು ಒಬ್ಬರ ಕಾಲು ನಂಬ್ಕೊಂಡು ನಾನು ಕೂರಲ್ಲ. ನಂಗೂ ಕೇಳು ಅದೇ ಪ್ರಶ್ನೆಗಳನ್ನ" ಅಂದಳು. ಹಿರಿಯರು ಹಾಕಿದ್ದ ನಿಯಮ ಅದು, ಒಂದೇ ಜೊತೆ ಕಾಲು ಅಂತ. ಗಡಿಯಾರ ಬಾಯಿ ತೆರೆದ, ದೊಡ್ಡಮ್ಮ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು.

"ಅಲ್ಲಿ, ಕೆಳಗಿನ ಎರಡನೇ ಜಾಗಕ್ಕೆ ಹೋಗಿ ನಿಲ್ಲು" ಅಂದಳು. "ನೀರು ಪೂರ್ತಿ ಬರೋದ್ರೊಳಗೆ ಒಂದು ಸಲ ಆಗತ್ತೆ."

ನಲವತ್ತನಾಲ್ಕು ವರ್ಷ ಮನೆಯಲ್ಲೇ ಇದ್ದು, ಎರಡು ವರ್ಷ ಬೇಡಿ ಬೇಡಿ ನನಗೆ ಸಿಗದಿದ್ದು ಅಕ್ಕನಿಗೆ ಒಂದು ಮಾತಿಗೆ ಸಿಕ್ಕಿತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನನಗಿಂತ ಹೆಚ್ಚು ಕಳೆದುಕೊಂಡವಳು ಅವಳು. ಅವಳು ಮೊಣಕಾಲವರೆಗಿನ ನೀರಿನಲ್ಲಿ ನಡೆದುಹೋಗಿ ನಿಂತಳು. ನೀರಿನ ಜೊತೆ ಎದ್ದ ಗಾಳಿಗೆ ದೊಡ್ಡಮ್ಮನ ದನಿ ಅಲ್ಲಿಯವರೆಗೆ ತಲುಪುತ್ತಿರಲಿಲ್ಲ. ದೊಡ್ಡಮ್ಮ ಕೇಳಿದ್ದನ್ನು ನಾನು ನಡುವೆ ನಿಂತು ಅವಳಿಗೆ ಕೂಗಿ ಹೇಳಿದೆ, ಅವಳು ಹೇಳಿದ್ದನ್ನು ತಿರುಗಿ ಇವಳಿಗೆ ಕೂಗಿದೆ, ನೀರು ಸೊಂಟಕ್ಕೆ ಬರುವವರೆಗೂ.